ಕೂಡಿ ದುಡಿಯುವ ಪಾಠ: ಉಪಮೆಗಳ ಒಂದು ಚರಿತ್ರೆ

ರಾಯಚೂರು ಕೋಟೆಯ ಗೋಡೆಯಲ್ಲಿ ಸುಮಾರು 41 ಅಡಿ ಉದ್ದದ ಒಂದೇ ಕಲ್ಲು ಇದೆ. ಕಾಕತೀಯರ ಕಾಲದಲ್ಲಿ, 1294ರಲ್ಲಿ, ಈ ಕೋಟೆಯನ್ನು ಕಟ್ಟಿಸಿದ ಸಂಗತಿಯನ್ನು ಅದರ ಮೇಲಿನ ಶಾಸನ ತಿಳಿಸುತ್ತದೆ. ಗೋರೆ ಗನ್ನಯ ರೆಡ್ಡಿ ಮತ್ತು ವಿಠಲನಾಥ ಎಂಬ ಅಧಿಕಾರಿಗಳ ಹೆಸರುಗಳು ಅದರ ಮೂಲಕವೇ ಉಳಿದು ಬಂದಿವೆ. ಶಾಸನದ ಬಳಿಯಲ್ಲಿಯೇ ಒಂದು ಚಿತ್ರವನ್ನೂ ಕೊರೆಯಲಾಗಿದೆ. ಆ ಭಾರಿ ಶಿಲೆಯನ್ನು ಬಂಡಿಯ ಮೇಲೆ ಹೇರಲಾಗಿದೆ. ಬಂಡಿಗೆ ಹೂಡಿದ ಪಶುಗಳ ಸಾಲು ಉದ್ದಕ್ಕೆ ಸಾಗಿದೆ. ನಡುನಡುವೆ ಅವುಗಳನ್ನು ಹೊಡೆಯುವ ಆಳುಗಳಿದ್ದಾರೆ, ಗಾಲಿಗಳಿಗೆ ಸನ್ನೆಗೋಲು ಕೊಟ್ಟು ನೂಕುವವರಿದ್ದಾರೆ. ಒಬ್ಬನಿಂದ ಆಗದ ಕೆಲಸವನ್ನು ಹಲವರು ಕೂಡಿ ಮಾಡಿದುದರ ಚಿತ್ರವಿದು. ರಾಯಚೂರು ಸೀಮೆಯ ಮಟ್ಟಿಗೆ ಸಂಘಶಕ್ತಿಯ ಅತ್ಯಂತ ಹಳೆಯ ಪಾಠಗಳಲ್ಲಿ ಇದೂ ಒಂದು ಎನ್ನಬಹುದು.

ಈ ಪಾಠದಲ್ಲಿ ಒಂದು ಸೂಕ್ಷ್ಮವಿದೆ. ಅಪ್ಪಣೆ ಕೊಟ್ಟವರು ಅಕ್ಷರದಲ್ಲಿ ಉಳಿದರು. ಭಾರ ಎಳೆದವರು ಚಿತ್ರದಲ್ಲಿ ಮಾತ್ರ ಉಳಿದರು. ಹೊಡೆಯುವವನಿಗಾಗಲಿ ನೂಕುವವನಿಗಾಗಲಿ ಚಿತ್ರದಲ್ಲಿ ಹೆಸರಿಲ್ಲ. ಇದಕ್ಕೆ ಒಂದು ಶತಮಾನಕ್ಕೂ ಹಿಂದೆ ಕಲ್ಯಾಣದಲ್ಲಿ ನಡೆದದ್ದು ಬೇರೆಯೇ ಬಗೆ. ಅಲ್ಲಿ ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ, ಮೇದಾರ ಕೇತಯ್ಯ, ಕೊಟ್ಟಣದ ಸೋಮಮ್ಮ ಮುಂತಾದ ಶರಣರು ತಮ್ಮ ತಮ್ಮ ಕಾಯಕದ ಹೆಸರಿನೊಡನೆಯೇ ಚರಿತ್ರೆಗೆ ಬಂದರು. ಬಟ್ಟೆ ಒಗೆಯುವುದು, ದೋಣಿ ನಡೆಸುವುದು, ಹಗ್ಗ ಹೊಸೆಯುವುದು, ಬಿದಿರು ಹೆಣೆಯುವುದು, ಭತ್ತ ಕುಟ್ಟುವುದು ಅವರ ಹೆಸರಿನ ಭಾಗವೇ ಆಯಿತು. ಕೂಡಿ ದುಡಿಯುವುದೆಂದರೇನು ಎಂಬ ಪ್ರಶ್ನೆಗೆ ಕೋಟೆಯ ಚಿತ್ರ ಒಂದು ಉತ್ತರ, ಶರಣರ ನಾಮಾವಳಿ ಇನ್ನೊಂದು ಉತ್ತರ. ಇವೆರಡರ ನಡುವಣ ಅಂತರವನ್ನು ಅರಿಯುವುದಕ್ಕೆ, ಲೋಕದ ಬೇರೆ ಬೇರೆ ಜನಾಂಗಗಳು ಈ ಪಾಠವನ್ನು ಕಲಿಸಲು ಆರಿಸಿಕೊಂಡ ಉಪಮೆಗಳನ್ನು ಒಮ್ಮೆ ಪರಿಶೀಲಿಸುವುದು ಉಚಿತ.

ಒಂದೇ ಮಾತು, ಹಲವು ನಿರೀಕ್ಷೆ

ಶಾಲೆ, ಕಚೇರಿ, ತರಬೇತಿ ಶಿಬಿರ ಎಲ್ಲೆಡೆಯೂ ಈಗ ‘ತಂಡವಾಗಿ ದುಡಿಯಿರಿ’ ಎಂಬ ಉಪದೇಶ ಕೇಳಿಬರುತ್ತದೆ. ಆದರೆ ತಂಡ ಎಂಬ ಮಾತು ಕೇಳಿದಾಗ ಎಲ್ಲರ ಮನಸ್ಸಿನಲ್ಲಿಯೂ ಒಂದೇ ಚಿತ್ರ ಮೂಡುವುದಿಲ್ಲ. ಕ್ರಿಸ್ಟಿನಾ ಗಿಬ್ಸನ್ ಮತ್ತು ಮೇರಿ ಜೆಲ್ಮರ್-ಬ್ರೂನ್ ಎಂಬ ವಿದ್ವಾಂಸರು 2001ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಸ್ಪಷ್ಟಪಡಿಸಿತು. ಆರು ಬಹುರಾಷ್ಟ್ರೀಯ ಕಂಪನಿಗಳಲ್ಲಿ, ಅಮೆರಿಕ, ಫ್ರಾನ್ಸ್, ಪೋರ್ಟೊ ರಿಕೊ ಮತ್ತು ಫಿಲಿಪೀನ್ಸ್‌ಗಳಲ್ಲಿ ದುಡಿಯುತ್ತಿದ್ದವರ ಮಾತುಗಳನ್ನು ಅವರು ಪರಿಶೀಲಿಸಿದರು. ತಂಡವನ್ನು ಕುರಿತು ಮಾತನಾಡುವಾಗ ಜನ ಬಳಸಿದ ರೂಪಕಗಳು ಐದು ಬಗೆಯಾಗಿ ಕಂಡುಬಂದವು: ಸೈನ್ಯ, ಆಟ, ಸಮುದಾಯ, ಕುಟುಂಬ ಮತ್ತು ಸಹವರ್ತಿಗಳ ಬಳಗ. ಇವುಗಳ ಬಳಕೆ ದೇಶದಿಂದ ದೇಶಕ್ಕೂ ಸಂಸ್ಥೆಯಿಂದ ಸಂಸ್ಥೆಗೂ ಬದಲಾಗುತ್ತಿತ್ತು.

ರೂಪಕ ಬದಲಾದರೆ ನಿರೀಕ್ಷೆಯೂ ಬದಲಾಗುತ್ತದೆ. ತಂಡವನ್ನು ಸೈನ್ಯವೆಂದು ತಿಳಿದವನು ಅಪ್ಪಣೆಗೆ ಕಾಯುತ್ತಾನೆ. ಕುಟುಂಬವೆಂದು ತಿಳಿದವನು ಕಷ್ಟಕಾಲದಲ್ಲಿ ಕೈಹಿಡಿಯುವರೆಂದು ನಂಬುತ್ತಾನೆ. ಆಟವೆಂದು ತಿಳಿದವನು ನಿಯಮವನ್ನೂ ಗೆಲುವನ್ನೂ ಕೇಳುತ್ತಾನೆ. ಸಹವರ್ತಿಗಳ ಬಳಗವೆಂದು ತಿಳಿದವನು ತನ್ನ ಪಾಲಿನ ಕೆಲಸ ಮುಗಿಸಿ ಮನೆಗೆ ಹೋಗುತ್ತಾನೆ. ನಾಲ್ವರೂ ಒಂದೇ ಪದವನ್ನು ಆಡುತ್ತಾರೆ. ನಾಲ್ವರೂ ಬೇರೆ ಬೇರೆ ಲೋಕದಲ್ಲಿರುತ್ತಾರೆ. ಆದುದರಿಂದ ಉಪಮೆ ಮಾತಿನ ಅಲಂಕಾರ ಮಾತ್ರವಲ್ಲ. ಯಾರು ಎಲ್ಲಿ ನಿಲ್ಲಬೇಕು, ಯಾರಿಗೆ ಎಷ್ಟು ಸಲ್ಲಬೇಕು ಎಂಬುದನ್ನು ಅದು ಸದ್ದಿಲ್ಲದೆ ತೀರ್ಮಾನಿಸಿಬಿಡುತ್ತದೆ.

ದೇಹದ ಉಪಮೆ

ಕೂಡಿ ಬಾಳುವುದಕ್ಕೆ ದೇಹವನ್ನು ಹೋಲಿಸುವುದು ಬಹು ಪ್ರಾಚೀನವಾದ ಪದ್ಧತಿ. ರೋಮಿನ ಇತಿಹಾಸಕಾರ ಲಿವಿ ಹೇಳುವ ಪ್ರಸಂಗ ಪ್ರಸಿದ್ಧವಾದುದು. ಕ್ರಿ.ಪೂ. 494ರಲ್ಲಿ ಸಾಲದ ಹೊರೆಯಿಂದ ಬೇಸತ್ತ ರೋಮಿನ ಸಾಮಾನ್ಯ ಜನರು ಊರನ್ನು ತೊರೆದು ಸಮೀಪದ ಬೆಟ್ಟವನ್ನು ಸೇರಿದರು. ಅವರನ್ನು ಒಲಿಸಿ ಕರೆತರಲು ಮೆನೆನಿಯಸ್ ಅಗ್ರಿಪ್ಪ ಎಂಬವನು ಹೋದನು. ಕೈ, ಬಾಯಿ, ಹಲ್ಲುಗಳು ಒಮ್ಮೆ ಹೊಟ್ಟೆಯ ಮೇಲೆ ಮುನಿದುಕೊಂಡವು, ಕುಳಿತು ಉಣ್ಣುವ ಹೊಟ್ಟೆಗೆ ತಾವೇಕೆ ದುಡಿಯಬೇಕೆಂದು ಉಪವಾಸ ಕೆಡವಿದವು, ಕೊನೆಗೆ ತಾವೂ ಸೊರಗಿಹೋದವು ಎಂಬ ಕಥೆಯನ್ನು ಆತ ಹೇಳಿದನು. ಕಥೆಯ ಇಂಗಿತ ಸ್ಪಷ್ಟ: ಆಳುವವರು ಹೊಟ್ಟೆ, ದುಡಿಯುವವರು ಕೈ. ಜನ ಮರಳಿ ಬಂದರು. ಆದರೆ ಕಥೆಯನ್ನಷ್ಟೇ ಕೇಳಿ ಬರಲಿಲ್ಲ. ತಮ್ಮ ಪರವಾಗಿ ನಿಲ್ಲುವ ಟ್ರಿಬ್ಯೂನ್ ಎಂಬ ಅಧಿಕಾರಿಗಳನ್ನು ಪಡೆದು ಬಂದರು. ಉಪಮೆಯ ಜೊತೆಗೆ ಹಕ್ಕೂ ದೊರೆತಾಗಲೇ ಒಗ್ಗಟ್ಟು ನಿಂತಿತು ಎಂಬುದು ಇಲ್ಲಿ ಗಮನಾರ್ಹ.

ಭಾರತದಲ್ಲಿ ಋಗ್ವೇದದ ಹತ್ತನೆಯ ಮಂಡಲದ ಪುರುಷಸೂಕ್ತ ಸಮಾಜವನ್ನು ಒಂದು ಮಹಾದೇಹವಾಗಿ ಕಂಡಿತು. ಮುಖ, ತೋಳು, ತೊಡೆ, ಪಾದಗಳನ್ನು ನಾಲ್ಕು ವರ್ಣಗಳಿಗೆ ಹೊಂದಿಸಿತು. ಕ್ರಿ.ಶ. ಮೊದಲನೆಯ ಶತಮಾನದಲ್ಲಿ ಸಂತ ಪೌಲನು ಕೊರಿಂಥದ ಸಭೆಗೆ ಬರೆದ ಪತ್ರದಲ್ಲಿ ಅದೇ ದೇಹದ ಉಪಮೆಯನ್ನು ತಿರುಗಿಸಿ ಹೇಳಿದನು: ದುರ್ಬಲವೆಂದು ತೋರುವ ಅಂಗಗಳೇ ಬಹಳ ಅವಶ್ಯಕವಾದವು ಎಂಬುದು ಅವನ ವಾದ. ಒಂದೇ ಉಪಮೆಯಿಂದ ಒಬ್ಬನು ಮೇಲು ಕೀಳನ್ನು ಸ್ಥಾಪಿಸಬಹುದು, ಇನ್ನೊಬ್ಬನು ಕೊನೆಯ ಅಂಗದ ಮಾನವನ್ನು ಎತ್ತಿಹಿಡಿಯಬಹುದು ಎಂಬುದಕ್ಕೆ ಇದು ನಿದರ್ಶನ.

ಹನ್ನೆರಡನೆಯ ಶತಮಾನದ ಶರಣರು ಈ ಉಪಮೆಯ ಬುಡವನ್ನೇ ಬದಲಾಯಿಸಿದರು. ಒಬ್ಬನು ತಲೆ, ಇನ್ನೊಬ್ಬನು ಕಾಲು ಎಂಬ ಹಂಚಿಕೆಯನ್ನು ಅವರು ಒಪ್ಪಲಿಲ್ಲ. ಪ್ರತಿಯೊಬ್ಬನ ಶರೀರವೂ ತಾನೇ ಒಂದು ಪೂರ್ಣವಾದ ದೇವಾಲಯವೆಂಬುದು ಬಸವಣ್ಣನವರ ಪ್ರಸಿದ್ಧ ರೂಪಕದ ಸಾರ. ಆ ಕಟ್ಟಡದಲ್ಲಿ ಕಾಲು ಹೀನವಾದ ಅಂಗವಲ್ಲ, ಎಲ್ಲವನ್ನೂ ಎತ್ತಿ ನಿಲ್ಲಿಸುವ ಆಧಾರ. ಹೀಗೆ ಪೂರ್ಣರಾದವರು ಒಂದೆಡೆ ಸೇರಿದರೆ ಅದು ಸಂಘವಾಗುತ್ತದೆಯೇ ಹೊರತು ಒಬ್ಬರಿಗೊಬ್ಬರು ಕೈಕಾಲುಗಳಾದರೆ ಅಲ್ಲ. ಹದಿನೈದನೆಯ ಶತಮಾನದಿಂದ ಸಂಕಲಿತವಾದ ಶೂನ್ಯಸಂಪಾದನೆಗಳು ಚಿತ್ರಿಸುವ ಅನುಭವದ ಗೋಷ್ಠಿ ಇಂಥದು. ಅಲ್ಲಿ ಅಲ್ಲಮಪ್ರಭುಗಳ ಎದುರಿಗೆ ಬಂದವರೆಲ್ಲರಿಗೂ ಪ್ರಶ್ನೆ ಇದೆ, ಎಲ್ಲರಿಗೂ ಉತ್ತರಿಸುವ ಅವಕಾಶವಿದೆ.

ಕಟ್ಟು, ಬಲೆ, ಆಟ

ಎರಡನೆಯ ಬಗೆಯ ಉಪಮೆ ಕಟ್ಟಿನದು. ಒಂಟಿ ಕಡ್ಡಿ ಮುರಿಯುತ್ತದೆ, ಕಟ್ಟಿದ ಹೊರೆ ಮುರಿಯುವುದಿಲ್ಲ ಎಂಬ ಈಸೋಪನ ಕಥೆ ಕನ್ನಡದ ಮಕ್ಕಳಿಗೂ ಪರಿಚಿತ. ಹದಿಮೂರನೆಯ ಶತಮಾನದ ‘ಮಂಗೋಲರ ರಹಸ್ಯ ಇತಿಹಾಸ’ದಲ್ಲಿ ಆಲನ್ ಕೋವಾ ಎಂಬ ತಾಯಿ ತನ್ನ ಐವರು ಮಕ್ಕಳಿಗೆ ಬಾಣಗಳನ್ನು ಕೊಟ್ಟು ಇದೇ ಪಾಠವನ್ನು ಕಲಿಸುತ್ತಾಳೆ. ಜಪಾನಿನಲ್ಲಿ ಹದಿನಾರನೆಯ ಶತಮಾನದ ದೊರೆ ಮೋರಿ ಮೊತೊನಾರಿ ತನ್ನ ಮೂವರು ಮಕ್ಕಳಿಗೆ ಮೂರು ಬಾಣಗಳಿಂದ ಇದನ್ನೇ ತೋರಿಸಿದನೆಂಬ ಐತಿಹ್ಯವಿದೆ. ದೇಶ ಬೇರೆ, ಕಾಲ ಬೇರೆ, ಬುದ್ಧಿವಾದ ಒಂದೇ. ಆದರೆ ಕಟ್ಟಿನ ಉಪಮೆ ಒಂದು ಸಂಗತಿಯನ್ನು ಮರೆಸುತ್ತದೆ. ಕಡ್ಡಿಗಳು ತಾವಾಗಿ ಕೂಡಲಿಲ್ಲ. ಹಗ್ಗ ಹಿಡಿದವನು ಬೇರೊಬ್ಬನು. ಕಡ್ಡಿಗೆ ಬೇಕು ಬೇಡಗಳಿಲ್ಲ.

ಪಂಚತಂತ್ರದ ಪಾರಿವಾಳಗಳ ಕಥೆ ಈ ಕೊರತೆಯನ್ನು ನೀಗುತ್ತದೆ. ಬಲೆಗೆ ಬಿದ್ದ ಹಕ್ಕಿಗಳು ಒಟ್ಟಾಗಿ ರೆಕ್ಕೆ ಬಡಿದು ಬಲೆಯ ಸಮೇತ ಹಾರಿದವು ಎಂಬಲ್ಲಿಗೆ ಅನೇಕರು ಕಥೆಯನ್ನು ನಿಲ್ಲಿಸುತ್ತಾರೆ. ಕಥೆಯ ತಿರುಳು ಅದರ ಮುಂದಿದೆ. ಪಾರಿವಾಳಗಳ ರಾಜ ಚಿತ್ರಗ್ರೀವ ತನ್ನ ಗೆಳೆಯ ಹಿರಣ್ಯಕನೆಂಬ ಇಲಿಯ ಬಳಿಗೆ ಬಳಗವನ್ನು ಕರೆದೊಯ್ಯುತ್ತಾನೆ. ಇಲಿ ಮೊದಲು ರಾಜನ ಕಟ್ಟನ್ನು ಕಡಿಯಲು ಬಂದಾಗ ಅವನು ತಡೆಯುತ್ತಾನೆ. ಮೊದಲು ತನ್ನನ್ನು ನಂಬಿ ಬಂದವರ ಕಟ್ಟು ಬಿಚ್ಚಲಿ, ತನ್ನದು ಆಮೇಲೆ ಎನ್ನುತ್ತಾನೆ. ಇಲಿಯ ಹಲ್ಲು ನಡುವೆ ಸವೆದುಹೋದರೆ ಉಳಿದುಬಿಡುವವನು ತಾನಾಗಲಿ ಎಂಬುದು ಅವನ ನಿಲುವು. ಹಾರಿದ್ದು ಒಗ್ಗಟ್ಟಿನ ಬಲದಿಂದ. ಒಗ್ಗಟ್ಟು ಉಳಿದದ್ದು ಈ ಸರದಿಯ ಧರ್ಮದಿಂದ.

ಮೂರನೆಯ ಬಗೆ ಆಟದ ಉಪಮೆ. ಜಪಾನಿನ ಹಿರೊತಾಕಾ ತಾಕೆಯುಚಿ ಮತ್ತು ಇಕುಜಿರೊ ನೊನಾಕಾ 1986ರ ಒಂದು ಲೇಖನದಲ್ಲಿ ಹೊಸ ವಸ್ತುಗಳನ್ನು ರೂಪಿಸುವ ತಂಡಗಳನ್ನು ರಗ್ಬಿ ಆಟಕ್ಕೆ ಹೋಲಿಸಿದರು. ಒಬ್ಬನು ಓಡಿ ಮುಗಿಸಿ ಕೋಲನ್ನು ಇನ್ನೊಬ್ಬನ ಕೈಗೆ ಕೊಡುವ ರಿಲೇ ಓಟದಂತೆ ಕೆಲಸ ಸಾಗಬಾರದು, ಎಲ್ಲರೂ ಚೆಂಡನ್ನು ದಾಟಿಸುತ್ತ ಒಟ್ಟಿಗೆ ಮುನ್ನಡೆಯಬೇಕು ಎಂಬುದು ಅವರ ಅಭಿಪ್ರಾಯ. ಆ ಆಟದಲ್ಲಿ ಹೆಗಲಿಗೆ ಹೆಗಲು ಕೊಟ್ಟು ನಿಲ್ಲುವ ಗುಂಪಿಗೆ ಇರುವ ‘ಸ್ಕ್ರಮ್’ ಎಂಬ ಹೆಸರು ಮುಂದೆ ತಂತ್ರಾಂಶ ಉದ್ಯಮದ ಒಂದು ಕಾರ್ಯವಿಧಾನದ ಹೆಸರಾಯಿತು, ಬೆಂಗಳೂರಿನ ಕಚೇರಿಗಳ ದಿನಬಳಕೆಯ ಮಾತೂ ಆಯಿತು. ಇಂಗ್ಲೆಂಡಿನಲ್ಲಿ ಹುಟ್ಟಿದ ಆಟ, ಜಪಾನಿನಲ್ಲಿ ಉಪಮೆಯಾಗಿ, ಅಮೆರಿಕದಲ್ಲಿ ಪದ್ಧತಿಯಾಗಿ, ರಗ್ಬಿಯನ್ನು ಕಣ್ಣಾರೆ ಕಾಣದ ಕನ್ನಡದ ಯುವಕನ ಮಾತಿನಲ್ಲಿ ಸೇರಿಹೋಯಿತು. ಹೀಗೆ ಎರವಲು ಬಂದ ಉಪಮೆ ಕೇವಲ ಸಂಕೇತಪದವಾಗಿ ಉಳಿಯುವ ಅಪಾಯವಿದೆ. ಅದನ್ನು ಆಡುವವನ ಮೈಗೆ ಆ ಹೆಗಲಿನ ಒತ್ತಡದ ನೆನಪಿಲ್ಲ.

ದೇವದುರ್ಗ, ಮಾನ್ವಿಯ ಶಾಲೆಯ ಅಂಗಳದಲ್ಲಿ ಆಡುವ ಕಬಡ್ಡಿಯೇ ಈ ವಿಷಯದಲ್ಲಿ ಹೆಚ್ಚು ಹೇಳಬಲ್ಲುದು. ಏಳು ಜನರ ತಂಡದಿಂದ ಒಬ್ಬನು ಉಸಿರು ಕಟ್ಟಿ ಎದುರಾಳಿಯ ಅಂಗಳಕ್ಕೆ ಒಂಟಿಯಾಗಿ ಹೋಗುತ್ತಾನೆ. ಅವನು ಎದುರಾಳಿಯನ್ನು ಮುಟ್ಟಿ ಬಂದರೆ ಆ ಫಲದಿಂದ ಹೊರಗೆ ಕುಳಿತ ಅವನ ಸಂಗಡಿಗನೊಬ್ಬ ಮತ್ತೆ ಜೀವ ಪಡೆದು ಅಂಗಳಕ್ಕೆ ಬರುತ್ತಾನೆ. ಅದೂ ಸರದಿಯಂತೆ: ಮೊದಲು ಔಟಾದವನು ಮೊದಲು ಬರುತ್ತಾನೆ, ಚೆನ್ನಾಗಿ ಆಡುವವನಲ್ಲ. ಸೋತು ಹೊರಗಾದವನನ್ನು ಮರಳಿ ಒಳಗೆ ತರುವುದನ್ನೇ ನಿಯಮವಾಗಿ ಉಳ್ಳ ಈ ಆಟ ಮಗುವಿಗೆ ಬೇರೆ ವ್ಯಾಖ್ಯಾನವಿಲ್ಲದೆ ಅರ್ಥವಾಗುತ್ತದೆ. ಆಟದ ಉಪಮೆಗೂ ಒಂದು ಮಿತಿ ಇರುವುದು ನಿಜ. ಆಟಕ್ಕೆ ಎದುರಾಳಿ ಬೇಕು. ಬದುಕಿನಲ್ಲಿ ಕೂಡಿ ಮಾಡುವ ಎಲ್ಲ ಕೆಲಸಕ್ಕೂ ಎದುರಾಳಿ ಇರಬೇಕಿಲ್ಲ.

ಮುಯ್ಯಿ ಮತ್ತು ಅದರ ಹೊರಗೆ ಉಳಿದವರು

ಕನ್ನಡದ ಒಕ್ಕಲು ಜೀವನದಲ್ಲಿ ಎದುರಾಳಿಯಿಲ್ಲದ ಸಹಕಾರಕ್ಕೆ ಮುಯ್ಯಿ ಎಂಬ ಚೆಲುವಾದ ಹೆಸರಿದೆ. ಬಿತ್ತನೆ, ಕಳೆ, ಕೊಯ್ಲು, ರಾಶಿಯ ಕಾಲದಲ್ಲಿ ಒಂದು ಮನೆಯವರು ಇನ್ನೊಂದು ಮನೆಯ ಹೊಲಕ್ಕೆ ಹೋಗಿ ದುಡಿಯುತ್ತಾರೆ; ಅವರ ಸರದಿ ಬಂದಾಗ ಇವರು ಬಂದು ತೀರಿಸುತ್ತಾರೆ. ಹೀಗೆ ಹೋಗುವವನು ಮುಯ್ಯಾಳು. ಹಣದ ಕೈಬದಲು ಇಲ್ಲ, ಮಾತಿನ ಲೆಕ್ಕ ಮಾತ್ರ ಇದೆ. ಲೋಕದ ಹಲವೆಡೆ ಇದಕ್ಕೆ ಸೋದರ ಪದ್ಧತಿಗಳಿವೆ. ಜಪಾನಿನ ಶಿರಕಾವಾ ಸೀಮೆಯಲ್ಲಿ ಊರವರೆಲ್ಲ ಸೇರಿ ಒಬ್ಬರ ಮನೆಯ ಹುಲ್ಲಿನ ಮಾಡನ್ನು ಹೊದಿಸುವ ‘ಯುಯಿ’, ದಕ್ಷಿಣ ಅಮೆರಿಕದ ಆಂಡೀಸ್ ಬೆಟ್ಟಗಳ ರೈತರ ‘ಐನಿ’, ಫಿನ್ಲೆಂಡಿನ ‘ತಲ್ಕೋತ್’, ಇಂಡೊನೇಷ್ಯಾದ ‘ಗೊತೊಂಗ್ ರೊಯೊಂಗ್’ ಇವೆಲ್ಲ ಒಂದೇ ಬೇರಿನ ಬಳ್ಳಿಗಳಂತೆ ತೋರುತ್ತವೆ.

ಈ ಪದ್ಧತಿಗಳು ರಾಷ್ಟ್ರದ ಉಪಮೆಗಳಾದುದೂ ಉಂಟು. 1945ರ ಜೂನ್ 1ರಂದು ಮಾಡಿದ ಭಾಷಣದಲ್ಲಿ ಸುಕರ್ಣೊ ಇಂಡೊನೇಷ್ಯಾದ ರಾಷ್ಟ್ರತತ್ತ್ವಗಳನ್ನೆಲ್ಲ ‘ಗೊತೊಂಗ್ ರೊಯೊಂಗ್’ ಎಂಬ ಒಂದೇ ಮಾತಿಗೆ ಇಳಿಸಬಹುದೆಂದರು. ತಾಂಜಾನಿಯಾದಲ್ಲಿ ಜೂಲಿಯಸ್ ನ್ಯೆರೆರೆ 1967ರ ಅರೂಷಾ ಘೋಷಣೆಯೊಡನೆ ಕುಟುಂಬಭಾವ ಎಂಬ ಅರ್ಥದ ‘ಉಜಮಾ’ವನ್ನು ದೇಶದ ದಾರಿಯೆಂದು ಸಾರಿದರು. ಆದರೆ 1970ರ ದಶಕದಲ್ಲಿ ಲಕ್ಷಾಂತರ ಜನರನ್ನು ಬಲವಂತವಾಗಿ ಹೊಸ ಹಳ್ಳಿಗಳಿಗೆ ಸಾಗಿಸಿದಾಗ ಆ ಮಾತಿನ ಜೀವ ಹೋಯಿತು. ಅಪ್ಪಣೆಯಿಂದ ಬಂಧುತ್ವ ಹುಟ್ಟುವುದಿಲ್ಲ. ನೆರೆಯವನ ಮೇಲಿನ ನಂಬಿಕೆಯಿಂದ ಬೆಳೆದ ಉಪಮೆಯನ್ನು ಸರಕಾರದ ಆಜ್ಞೆಯನ್ನಾಗಿ ಮಾಡಿದರೆ ಅದು ಮತ್ತೆ ಕಟ್ಟಿದ ಕಡ್ಡಿಯ ಹೊರೆಯೇ ಆಗುತ್ತದೆ.

ಮುಯ್ಯಿಯನ್ನು ಹೊಗಳುವಾಗಲೂ ಅದರ ನೆರಳನ್ನು ಮರೆಯಲಾಗದು. ಕನ್ನಡದಲ್ಲಿ ಮುಯ್ಯಿ ತೀರಿಸುವುದೆಂದರೆ ಉಪಕಾರಕ್ಕೆ ಉಪಕಾರ. ಸೇಡಿಗೆ ಸೇಡು ಎಂಬ ಅರ್ಥವೂ ಅದಕ್ಕೆ ಉಂಟು. ಪಡೆದಷ್ಟನ್ನು ಹಿಂದಿರುಗಿಸುವುದೇ ಅದರ ತತ್ತ್ವ. ಹಿಂದಿರುಗಿಸಿಕೊಳ್ಳಲು ಹೊಲವೇ ಇಲ್ಲದವನಿಗೆ ಅಲ್ಲಿ ಎಡೆ ಎಲ್ಲಿದೆ? ನಾಲ್ಕು ಎಕರೆ ಉಳ್ಳವನು ನಾಲ್ಕು ಎಕರೆಯವನೊಡನೆ ಮುಯ್ಯಿ ಮಾಡಬಲ್ಲನು. ಭೂಮಿಯಿಲ್ಲದವನು ಕೂಲಿಯಾಳಾದನು, ಸಾಲ ತೀರಿಸಲಾಗದವನು ಜೀತದಾಳಾದನು. 1976ರ ಕಾಯಿದೆ ಜೀತವನ್ನು ನಿಷೇಧಿಸಬೇಕಾಗಿ ಬಂದುದೇ, ಮುಯ್ಯಿಯ ವೃತ್ತದ ಹೊರಗೆ ಎಷ್ಟೋ ಜನ ಉಳಿದಿದ್ದರೆಂಬುದಕ್ಕೆ ಸಾಕ್ಷಿ. ಊರಿನ ಆಯಗಾರರ ವ್ಯವಸ್ಥೆಯೂ ಇಂಥದೇ. ಬಡಿಗ, ಕಮ್ಮಾರ, ಕುಂಬಾರ, ಅಗಸ, ನಾವಿದ ಎಲ್ಲರೂ ಊರಿಗೆ ಬೇಕು. ಕಣದಲ್ಲಿ ರಾಶಿಯಾದಾಗ ಎಲ್ಲರಿಗೂ ಆಯ ಸಲ್ಲುತ್ತಿತ್ತು. ಆದರೆ ಯಾರ ಆಯ ಎಷ್ಟು, ಯಾರು ಕಣದ ಒಳಗೆ, ಯಾರು ಹೊರಗೆ ಎಂಬುದನ್ನು ಹುಟ್ಟೇ ನಿರ್ಧರಿಸುತ್ತಿತ್ತು. ಸಹಕಾರವಿತ್ತು, ಸಮಾನತೆ ಇರಲಿಲ್ಲ.

ಅಮರೇಶ್ವರದ ದಂಪತಿಗಳು

ಈ ಕೊರತೆಗೆ ಉತ್ತರ ರಾಯಚೂರು ಸೀಮೆಯಲ್ಲಿಯೇ ದೊರೆಯುತ್ತದೆ. ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದಿಂದ ಕಲ್ಯಾಣಕ್ಕೆ ಹೋದ ಶರಣ ದಂಪತಿಗಳು. ಇಬ್ಬರ ವಚನಗಳ ಅಂಕಿತದಲ್ಲಿಯೂ ಊರಿನ ಅಮರೇಶ್ವರನ ಹೆಸರಿದೆ. ನೆಲದ ಮೇಲೆ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನವರ ಕಾಯಕ. ಅದನ್ನು ಅಟ್ಟು ದಾಸೋಹ ಮಾಡುವುದು ಲಕ್ಕಮ್ಮನವರ ಕಾಯಕ. ಕಾಯಕವನ್ನು ಕೈಲಾಸಕ್ಕೆ ಸರಿಗಟ್ಟಿದ, ಜನರು ಬಸವಣ್ಣನವರದೆಂದು ಭಾವಿಸುವ ಮಾತು ಬರುವುದು ಈ ಮಾರಯ್ಯನವರ ವಚನದಲ್ಲಿ ಎಂಬುದನ್ನು ವಚನಸಾಹಿತ್ಯದ ಅಭ್ಯಾಸಿಗಳು ಬಲ್ಲರು.

ಒಂದು ದಿನ ಮಾರಯ್ಯನವರು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದರು. ಸಂಸಾರದ ಸಾಮಾನ್ಯ ದೃಷ್ಟಿಯಿಂದ ಅದು ಸಂತೋಷದ ಸಂಗತಿ. ಲಕ್ಕಮ್ಮನವರು ಹಾಗೆ ತಿಳಿಯಲಿಲ್ಲ. ಅಂದಿನ ದಾಸೋಹಕ್ಕೆ ಬೇಕಾದುದಕ್ಕಿಂತ ಹೆಚ್ಚಿನದು ಆಸೆಯ ಗುರುತು. ಅದನ್ನು ತಂದಲ್ಲಿಯೇ ಸುರಿದು ಬರಬೇಕೆಂದು ಅವರು ಪತಿಯನ್ನು ಹಿಂದಕ್ಕೆ ಕಳುಹಿದರು. ಇನ್ನೊಮ್ಮೆ ಅನುಭವದ ಗೋಷ್ಠಿಯಲ್ಲಿ ಮೈಮರೆತು ಕಾಯಕದ ಹೊತ್ತನ್ನು ಮರೆತ ಮಾರಯ್ಯನವರನ್ನು ಎಚ್ಚರಿಸಿದವರೂ ಅವರೇ. ಒಂದು ಸಲ ಕಡಿಮೆಯಾದಾಗ ಎಚ್ಚರ, ಒಂದು ಸಲ ಹೆಚ್ಚಾದಾಗ ಎಚ್ಚರ. ಇಬ್ಬರ ಈ ಪುಟ್ಟ ತಂಡದಲ್ಲಿ ಯಾರೂ ತಲೆಯಲ್ಲ, ಯಾರೂ ಕಾಲಲ್ಲ. ಕಾಯಕವೇ ಇಬ್ಬರಿಗೂ ಅಳತೆ.

ಇಲ್ಲಿ ಮುಯ್ಯಿಗೂ ದಾಸೋಹಕ್ಕೂ ಇರುವ ಭೇದ ಸ್ಪಷ್ಟವಾಗುತ್ತದೆ. ಮುಯ್ಯಿ ಪರಿಚಿತರ ನಡುವಣ ವ್ಯವಹಾರ. ಕೊಟ್ಟದ್ದು ಮರಳಿ ಬರುತ್ತದೆ. ದಾಸೋಹ ಯಾರು ಬಂದರೂ ಸಲ್ಲತಕ್ಕದ್ದು; ಬಂದವನು ನಾಳೆ ತೀರಿಸುವನೇ ಎಂಬ ಪ್ರಶ್ನೆಗೆ ಅಲ್ಲಿ ಎಡೆಯಿಲ್ಲ. ಆಯ್ದು ತಂದ ಅಕ್ಕಿಯಲ್ಲಿ ಹೆಚ್ಚಿನದನ್ನು ಹಿಂದಿರುಗಿಸಿದಾಗ ಅದು ದೊರೆಯುವುದು ಯಾರಿಗೆ? ತಮ್ಮ ಹಿಂದೆ ಆಯಲು ಬರುವ, ಹೆಸರೂ ತಿಳಿಯದ ಇನ್ನೊಬ್ಬನಿಗೆ. ಕಾಣದವನ ಪಾಲನ್ನು ಉಳಿಸುವುದೇ ಲಕ್ಕಮ್ಮನವರ ಪಾಠ ಎಂದು ಇದನ್ನು ಓದಲು ಸಾಧ್ಯವಿದೆ. ಕೂಡಿ ದುಡಿಯುವುದರ ಅತ್ಯಂತ ಕಠಿಣವಾದ ಅಂಶವೂ ಇದೇ.

ಕಾಲುವೆಯ ಕೊನೆ

ಕಾಣದವನ ಪಾಲು ಎಂಬ ಮಾತು ತುಂಗಭದ್ರಾ ಎಡದಂಡೆ ಕಾಲುವೆಯ ದಡದಲ್ಲಿ ತತ್ತ್ವವಾಗಿ ಉಳಿಯುವುದಿಲ್ಲ, ನೀರಿನ ಪ್ರಶ್ನೆಯಾಗುತ್ತದೆ. ಹೈದರಾಬಾದ್ ಮತ್ತು ಮದ್ರಾಸ್ ಸರಕಾರಗಳು ಕೂಡಿ ಕೈಗೊಂಡ ಈ ಯೋಜನೆಗೆ 1945ರಲ್ಲಿ ಅಡಿಗಲ್ಲು ಬಿದ್ದಿತು; 1953ರಲ್ಲಿ ಕಾಲುವೆಗೆ ನೀರು ಹರಿಯಿತು. ಎಡದಂಡೆಯ ಮುಖ್ಯ ಕಾಲುವೆ ಸುಮಾರು 227 ಕಿ.ಮೀ. ಸಾಗುತ್ತದೆ. ಗಂಗಾವತಿಯ ಕಡೆ ಅದರ ಮೇಲ್ಭಾಗ, ಸಿಂಧನೂರು ನಡುವೆ, ಮಾನ್ವಿ, ಸಿರವಾರ, ರಾಯಚೂರು ತಾಲ್ಲೂಕುಗಳು ಕೊನೆ ಭಾಗ. ಬರ ಮೇಲಿಂದ ಮೇಲೆ ಬೀಳುವ ಸೀಮೆಯಾದುದರಿಂದ ನೀರನ್ನು ತೆಳುವಾಗಿ, ವಿಸ್ತಾರವಾದ ಪ್ರದೇಶಕ್ಕೆ ಹಂಚುವುದು ಮೂಲ ಉದ್ದೇಶವಾಗಿತ್ತು. ಜೋಳ, ಹತ್ತಿ, ಶೇಂಗಾದಂಥ ಕಡಿಮೆ ನೀರಿನ ಬೆಳೆಗಳು ಹೆಚ್ಚು, ಭತ್ತ ಕಡಿಮೆ ಎಂಬುದು ಆಗಿನ ಲೆಕ್ಕ. ನಡೆದುದು ಬೇರೆ. ಮೇಲ್ಭಾಗದಲ್ಲಿಯೂ ನಡುಭಾಗದಲ್ಲಿಯೂ ಭತ್ತದ ಗದ್ದೆಗಳು ಹಬ್ಬಿದವು. ಕೊನೆ ಭಾಗದ ಹೊಲಗಳಿಗೆ ಬಹಳ ವರ್ಷ ಕಾಲುವೆ ಬಂದಿತು, ನೀರು ಬರಲಿಲ್ಲ.

ಮೇಲ್ಭಾಗದ ರೈತನನ್ನು ದೂಷಿಸಿ ಕೈತೊಳೆದುಕೊಳ್ಳುವುದು ಸುಲಭ. ಆದರೆ ಅವನೂ ಸಾಲ ಮಾಡಿ ಗದ್ದೆಯನ್ನು ಮಟ್ಟ ಮಾಡಿದವನು. ಆಂಧ್ರದ ಕರಾವಳಿಯಿಂದ ಬಂದು ಕ್ಯಾಂಪುಗಳನ್ನು ಕಟ್ಟಿಕೊಂಡವರು ದುಡಿಮೆಗೆ ಹಿಂದೆಗೆದವರಲ್ಲ. ತನ್ನ ತೂಬಿನ ಮುಂದೆ ಹರಿಯುವ ನೀರು ಕಣ್ಣಿಗೆ ಕಾಣುತ್ತದೆ. ನೂರಾರು ಕಿಲೋಮೀಟರ್ ಆಚೆ ಮಾನ್ವಿಯಲ್ಲಿ ಒಣಗುವ ಹತ್ತಿ ಕಾಣುವುದಿಲ್ಲ. 2000ದಲ್ಲಿ ಕರ್ನಾಟಕ ನೀರಾವರಿ ಕಾಯಿದೆಗೆ ತಿದ್ದುಪಡಿ ತಂದು ನೀರು ಬಳಕೆದಾರರ ಸಹಕಾರ ಸಂಘಗಳಿಗೆ ಅವಕಾಶ ಮಾಡಲಾಯಿತು. ಒಂದೇ ಉಪಕಾಲುವೆಯ ರೈತರು ಅಕ್ಕಪಕ್ಕದವರು. ಅವರ ನಡುವೆ ಮುಯ್ಯಿಯ ನೀತಿ ನಡೆದೀತು. ಆದರೆ ಗಂಗಾವತಿಯವನಿಗೂ ಮಾನ್ವಿಯವನಿಗೂ ಮುಖಪರಿಚಯವಿಲ್ಲ. ಮೇಲಿನವನು ಇಂದು ನೀರು ಬಿಟ್ಟರೆ ಕೆಳಗಿನವನು ಅದನ್ನು ಎಂದಿಗೂ ತೀರಿಸಲಾರನು, ಏಕೆಂದರೆ ನೀರು ಹಿಂದಕ್ಕೆ ಹರಿಯುವುದಿಲ್ಲ. ಮುಯ್ಯಿಯ ಉಪಮೆ ಇಲ್ಲಿ ನಿಂತುಹೋಗುತ್ತದೆ. ಇಲ್ಲಿಂದ ಮುಂದೆ ಬೇಕಾದುದು ದಾಸೋಹದ ಉಪಮೆ: ಇಂದಿನ ಅಗತ್ಯಕ್ಕೆ ಮೀರಿದ್ದನ್ನು ಸುರಿದು ಬರುವ ಲಕ್ಕಮ್ಮನವರ ಎಚ್ಚರ. ನಾರಾಯಣಪುರ ಬಲದಂಡೆ ಕಾಲುವೆಯಿಂದ ಕೃಷ್ಣೆಯ ನೀರು ಪಡೆಯುವ ದೇವದುರ್ಗದ ಸೀಮೆಗೂ ಈ ಮಾತು ಅನ್ವಯಿಸುತ್ತದೆ.

ಆದರೆ ಹೆಸರರಿಯದವರ ನಡುವೆ ಒಗ್ಗಟ್ಟು ಸಾಧ್ಯವೇ ಎಂದು ಸಂಶಯ ಪಡುವವರಿಗೆ ಅದೇ ಜಲಾಶಯ ಉತ್ತರ ಕೊಟ್ಟಿತು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 33 ಗೇಟುಗಳಲ್ಲಿ 19ನೆಯದರ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ಸರಪಳಿಯ ಬಲ ಅದರ ದುರ್ಬಲವಾದ ಕೊಂಡಿಯಷ್ಟೇ ಎಂಬ ಹಳೆಯ ಮಾತು ಅಂದು ಕಣ್ಣೆದುರಿಗೆ ನಿಜವಾಯಿತು. ಎಲ್ಲ ತಾಲ್ಲೂಕುಗಳ ಬೆಳೆಗೆ ಬೇಕಾದ ನೀರು ಒಂದೇ ಕಿಂಡಿಯಿಂದ ಸೋರಿಹೋಗುತ್ತಿದ್ದಾಗ, ಹಿರಿಯ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಇಂಜಿನಿಯರುಗಳು, ಬೆಸುಗೆಗಾರರು, ಕ್ರೇನ್ ನಡೆಸುವವರು, ಕೂಲಿಕಾರರು ಕೂಡಿ, ಹರಿಯುವ ನೀರಿನಲ್ಲಿಯೇ ಸ್ಟಾಪ್‌ಲಾಗ್ ಹಲಗೆಗಳನ್ನು ಒಂದರ ಮೇಲೊಂದು ಇಳಿಸಿ ಸುಮಾರು ಒಂದು ವಾರದಲ್ಲಿ ಆ ಕಿಂಡಿಯನ್ನು ಮುಚ್ಚಿದರು. ಹಲಗೆ ಇಳಿಸಿದವರು ತಾವು ಉಳಿಸಿದ ಬೆಳೆಯ ಒಡೆಯರನ್ನು ಕಂಡವರಲ್ಲ. ಅಲ್ಲಿ ಮುಯ್ಯಿಗೆ ಅವಕಾಶವಿರಲಿಲ್ಲ, ಕಾಯಕವಷ್ಟೇ ಇತ್ತು.

ಮಸ್ಕಿಯ ಬಂಡೆಯಲ್ಲಿ 1915ರಲ್ಲಿ ಬೆಳಕಿಗೆ ಬಂದ ಅಶೋಕನ ಶಾಸನವೂ ಇದಕ್ಕೆ ಹೊಂದುವ ಮಾತನ್ನು ಹೇಳುತ್ತದೆ. ದೊಡ್ಡವರು ಮಾತ್ರ ಶ್ರೇಯಸ್ಸನ್ನು ಪಡೆಯಬಲ್ಲರೆಂದು ಭಾವಿಸಲಾಗದು, ಸಣ್ಣವರಿಗೂ ದೊಡ್ಡವರಿಗೂ ಈ ಮಾತು ತಿಳಿಯಬೇಕು ಎಂಬುದು ಅದರ ಆಶಯ. ಅಶೋಕನ ಹೆಸರನ್ನು ಹೊತ್ತು ಮೊದಲು ದೊರೆತ ಶಾಸನ ಅದೆಂದು ವಿದ್ವಾಂಸರು ಕೊಂಡಾಡುತ್ತಾರೆ. ಅದರಲ್ಲಿ ಸಣ್ಣವರಿಗೂ ಸ್ಥಾನವಿರುವುದು ಅಷ್ಟೇ ಮುಖ್ಯವಾದ ಸಂಗತಿ.

ದೇಹವಿರಲಿ, ಬಾಣದ ಕಟ್ಟಿರಲಿ, ರಗ್ಬಿಯಿರಲಿ, ಮುಯ್ಯಿಯಿರಲಿ, ಉಪಮೆ ಎಲ್ಲಿಂದ ಬಂತು ಎಂಬುದು ದೊಡ್ಡ ಪ್ರಶ್ನೆಯಲ್ಲ. ಪರದೇಶದ ಕಥೆ ಒಳ್ಳೆಯದಾಗಿರಬಹುದು, ಮನೆಯಂಗಳದ ಪದ್ಧತಿ ಕುಂದುಳ್ಳದ್ದಾಗಿರಬಹುದು. ಅದರಲ್ಲಿ ಕೊನೆಯವನಿಗೆ ಯಾವ ಎಡೆಯಿದೆ ಎಂಬುದೇ ಅಳತೆ. ಚಿತ್ರಗ್ರೀವನ ಸರದಿ, ಕಬಡ್ಡಿಯ ನಿಯಮ, ಲಕ್ಕಮ್ಮನವರ ಅಕ್ಕಿ ಈ ಅಳತೆಗೆ ನಿಲ್ಲುತ್ತವೆ. ರಾಯಚೂರಿನ ಶಾಲೆಯ ಮಕ್ಕಳನ್ನು ಕೋಟೆ ನೋಡಲು ಕರೆದೊಯ್ಯುವ ಗುರುಗಳು ಆ ಉದ್ದನೆಯ ಕಲ್ಲಿನ ಮುಂದೆ ನಿಂತು ಅದರ ಅಳತೆಯನ್ನೂ ಇಸವಿಯನ್ನೂ ಹೇಳುವುದು ವಾಡಿಕೆ. ಪಕ್ಕದ ಚಿತ್ರವನ್ನೂ ತೋರಿಸಿ, ಈ ಸಾಲಿನಲ್ಲಿ ಎಲ್ಲರಿಗಿಂತ ಹಿಂದೆ ನಿಂತು ಗಾಲಿಯನ್ನು ನೂಕುವವನು ಯಾರು, ಕಲ್ಲು ಕೋಟೆ ಸೇರಿದ ದಿನ ಅವನಿಗೆ ಸಂದದ್ದೇನು ಎಂದು ಕೇಳಿದರೆ, ಕೂಡಿ ದುಡಿಯುವ ಪಾಠ ಅಲ್ಲಿಂದಲೇ ಆರಂಭವಾಗುತ್ತದೆ.